ಆಪ್ಷನ್ ಎಂಟ್ರಿ, ಕಡೆಯ ರಾತ್ರಿ

ಗುತ್ತಲು ರಸ್ತೆಯ ಮುದಸ್ಸಿರಣ್ಣನ ಸೈಬರಿನಲ್ಲಿ
ಮೂರನೇ ಕಂಪ್ಯೂಟರಿನ ಎಂಟರ್ ಗುಂಡಿ
ಎರಡನೇ ಸಲ ಒತ್ತಿದರೆ ಮಾತ್ರ ಕೇಳುತ್ತದೆ.
ನಾನೂ ಎರಡನೇ ಸಲ ಬರೆದವಳೇ.

ನಾನೂರ ಹನ್ನೆರಡು.
ಎಂಬಿಬಿಎಸ್‌ಗೆ ಸಾಲದು, ಬಿಟ್ಟುಬಿಡಲು ಜಾಸ್ತಿ.
ಗ್ರಾಮೀಣ, ಕನ್ನಡ ಮಾಧ್ಯಮ ಅಂತ
ಬಿಇಒ ಕಚೇರಿಗೆ ಮೂರು ದಿನ ಅಲೆದು ತಂದ ಮುದ್ರೆಗಳೂ
ಅದನ್ನು ಒಂದಂಕೆ ಹಿಗ್ಗಿಸಲಿಲ್ಲ.
"ಇನ್ನೊಂದ್ ವರ್ಸ ಕೂತ್ಕೊ ಕನವ್ವ" ಅಂದರು ಮಾವ.
ಕೂರುವುದೆಂದರೆ ಏನೆಂದು ಮಾವನಿಗೆ ಗೊತ್ತಿಲ್ಲ:
ಬೆಳಗಿನ ಪ್ಯಾಸೆಂಜರು, ಮೈಸೂರಿನ ಕೋಚಿಂಗು,
ವಾಪಸು ಬರುವಾಗ ಯಲಿಯೂರು ದಾಟುವ ಹೊತ್ತಿಗೆ
ಕಿಟಕಿಯ ಕತ್ತಲಲ್ಲಿ ನನ್ನ ಮುಖ,
ಮುಖದ ಮೇಲೆ ನನ್ನದೇ ನೋಟ್ಸು.

ಪಟ್ಟಿ ಮಾಡುತ್ತಾ ಹೋದೆ.
ಮೊದಲ ಸಾಲು ಮಂಡ್ಯದ್ದೇ,
ಅವ್ವ ಕೆಲಸ ಮಾಡುವ ಆಸ್ಪತ್ರೆಯ ಕಾಲೇಜು.
ಸಿಗುವುದಿಲ್ಲ. ಆದರೂ ಬರೆದೆ.
ಬರೆಯದ ಸೀಟನ್ನು ಯಾರೂ ಕೊಡುವುದಿಲ್ಲ ಎನ್ನುತ್ತಾನೆ ಮುದಸ್ಸಿರಣ್ಣ,
ಇಲ್ಲಿ ತಪ್ಪಿಗೆ ಒಂದಂಕ ಕಳೆಯುವುದೂ ಇಲ್ಲವಂತೆ.
ಆಮೇಲೆ ಬೀದರ್, ಕೊಪ್ಪಳ, ಭೂಪಟದಲ್ಲಷ್ಟೇ ನೋಡಿದ ಊರುಗಳು.
ಆಮೇಲೆ ಮೈಸೂರಿನ ಆಯುರ್ವೇದ.
ಆಮೇಲೆ ಹಲ್ಲು.
ಹಾಸನದಲ್ಲಿ ದನ.
ಖಾಸಗಿ ಕಾಲೇಜಿನ ಶುಲ್ಕದ ಎದುರು
ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದೆ;
ಮೌಸು ತಾನಾಗಿಯೇ ಕೆಳಗೆ ಜಾರಿತು.
ಇಪ್ಪತ್ತೇಳನೆಯದು ಬಿಎಸ್ಸಿ ನರ್ಸಿಂಗ್,
ಪಂಕ್ತಿಯ ಕೊನೆಯವಳಿಗೆ ಮಿಕ್ಕ ಮಜ್ಜಿಗೆಯ ಹಾಗೆ.

ಹತ್ತೂ ನಲವತ್ತು. ಹನ್ನೊಂದೂ ಐವತ್ತೊಂಬತ್ತಕ್ಕೆ ಬಾಗಿಲು ಮುಚ್ಚುತ್ತದೆ.
ಒಟಿಪಿ ಹೋಗುವುದು ಅವ್ವನ ಫೋನಿಗೆ.
ಅವ್ವ ರಾತ್ರಿ ಪಾಳಿಯಲ್ಲಿ,
ಗ್ಲೌಸು ಹಾಕಿದ ಕೈ ಫೋನು ಎತ್ತುವುದಿಲ್ಲ.
ಮುದಸ್ಸಿರಣ್ಣ ಸ್ಕೂಟರಿನ ಕೀ ಎಸೆದ.

ಅವ್ವನಿಗೆ ಆಸ್ಪತ್ರೆ ಗೊತ್ತಿರುವುದು ಬಣ್ಣಗಳಲ್ಲಿ.
ಮೈಯಿಂದ ಬಂದದ್ದಕ್ಕೆ ಹಳದಿ ಚೀಲ,
ನಳಿಗೆಗೆ ಕೆಂಪು, ಗಾಜಿಗೆ ನೀಲಿ,
ಸೂಜಿಗೆ ಬಿಳಿ ಡಬ್ಬ.
"ತಪ್ಪಾಗಾಕುದ್ರೆ ಇನ್ಯಾರ್ಗೋ ಚುಚ್ತದೆ ಕನ."
ಹತ್ತೊಂಬತ್ತು ವರ್ಷ, ಗುತ್ತಿಗೆಯ ಮೂರು ಏಜೆನ್ಸಿ ಬದಲಾದವು,
ಕೆಂಪಾಜಮ್ಮನ ಒಂದು ಸೂಜಿಯೂ ದಾರಿ ತಪ್ಪಿಲ್ಲ.
ಅದಕ್ಕೆ ಯಾರೂ ರ‍್ಯಾಂಕು ಕೊಟ್ಟಿಲ್ಲ.

ಹೆಂಗಸರ ವಾರ್ಡಿನ ತುದಿಯಲ್ಲಿ ಸಿಕ್ಕಳು.
ಬೆಂಚಿನ ಮೇಲೆ, ಕೋಟಿನಲ್ಲೇ ನಿದ್ದೆಹೋದ ಹುಡುಗ ಡಾಕ್ಟರು,
ಒಂದು ಕಾಲಲ್ಲಿ ಮಾತ್ರ ಚಪ್ಪಲಿ.
ಆಚೆ ಮಂಚದ ಬಳಿ ಒಬ್ಬ ಸಿಸ್ಟರು
ಡ್ರಿಪ್ಪಿನ ಹನಿ ಎಣಿಸುತ್ತಿದ್ದಳು, ಕಣ್ಣು ವಾಚಿನ ಮೇಲೆ, ತುಟಿ ಅಲ್ಲಾಡುತ್ತಾ;
ಮುದುಕಿ ಅವಳ ತೋಳು ಹಿಡಿದು ಸೊಸೆಯ ದೂರು ಹೇಳುತ್ತಿತ್ತು.
ಎಣಿಕೆ ತಪ್ಪದೆ "ಹೂಂ" ಅನ್ನುತ್ತಿದ್ದಳು ಅವಳು.
ನಾನೂ ಎಣಿಸತೊಡಗಿದೆ.
ಹದಿನಾರಕ್ಕೆ ತಪ್ಪಿದೆ.

ಅವ್ವ ಗ್ಲೌಸು ಕಳಚಿ, ಮೊಣಕೈವರೆಗೆ ತೊಳೆದು,
ಫೋನನ್ನು ದೂರ ಹಿಡಿದು ಓದಿದಳು:
"ಏಳು... ನಾಕು... ಇದೇನು ಒಂದಾ, ಏಳಾ..."
ಅದು ಆಗಲೇ ಸತ್ತ ಒಟಿಪಿ. ಫೋನನ್ನೇ ಇಸ್ಕೊಂಡೆ.
"ಮೊದಲ್ನೇದು ಏನ್ ಬರ್ದಿದ್ದಿಯೇ?"
ಇದೇ ಆಸ್ಪತ್ರೆ, ಅವ್ವ.
ನಕ್ಕಳು. "ಬ್ಯಾಡ ಕನ,
ಮನೇಲೂ ಇಲ್ಲೂ ನಿನ್ ಕಸ ನಾನೇ ಎತ್ಬೇಕಾಯ್ತದೆ."
ಕಡೆಯದು ಏನೆಂದು ಕೇಳಲಿಲ್ಲ.
ಹಳದಿ ಚೀಲದ ಬಾಯಿಗೆ ಗಂಟು ಹಾಕುತ್ತಾ ಹೊರಟಳು.

ಹನ್ನೊಂದೂ ಮೂವತ್ತೊಂದು.
ಇಪ್ಪತ್ತೇಳನೇ ಸಾಲನ್ನು ಹಿಡಿದು ಮೇಲಕ್ಕೆಳೆದೆ.
ದನ ದಾಟಿತು. ಹಲ್ಲು ದಾಟಿತು.
ಆಯುರ್ವೇದದ ಹೊಸ್ತಿಲಲ್ಲಿ ಕೈ ನಿಂತಿತು.
ಆಸೆಯೋ, ಶುಲ್ಕದ ಲೆಕ್ಕವೋ, ಬರೀ ದಣಿವೋ,
ಹದಿನಾರರ ಮುಂದಿನ ಹನಿ ಯಾವುದೆಂಬ ಚಡಪಡಿಕೆಯೋ,
ಇದಕ್ಕೆ ನಾಲ್ಕು ಉತ್ತರ ಕೊಟ್ಟು
ಒಂದನ್ನು ಗುರುತಿಸಿ ಎಂದಿದ್ದರೆ
ಬಿಟ್ಟು ಮುಂದೆ ಹೋಗುತ್ತಿದ್ದೆ.

ಶಟರನ್ನು ಅರ್ಧ ಎಳೆದು ಕಾಯುತ್ತಿದ್ದ ಮುದಸ್ಸಿರಣ್ಣ.
ಅಂಗಡಿಯ ಗಡಿಯಾರ ಐದು ನಿಮಿಷ ಮುಂದಿದೆ ಎಂದು
ಸಂಜೆ ಅವನೇ ಹೇಳಿದ್ದ.
ಎಂಟರ್ ಒತ್ತಿದೆ.
ಒಂದು ಸಲ.